‘ಸರಿಯಾಗಿದೆ’ ಎಂದ ಗೆಳತಿ

“ಮೇಡಂ, ಗೆಳೆಯನ ತಪ್ಪನ್ನು ಎತ್ತಿ ತೋರಿಸುವುದು ಸ್ನೇಹಕ್ಕೆ ದ್ರೋಹವಲ್ಲವೇ?”

ಹೀಗೆ ಕೇಳಿದವನು ಶ್ರೀಶೈಲ. ಸಾಫ್ಟ್‌ವೇರ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ನೋಡಬೇಕು, ಅವರು ಒಪ್ಪಿದ ಮೇಲೆಯೇ ಅದು ಮುಂದಕ್ಕೆ ಹೋಗಬೇಕು ಎಂಬುದು ಆ ತರಗತಿಯ ನಿಯಮ. ಶ್ರೀಶೈಲನ ಪಾಲಿಗೆ ಬಂದದ್ದು ಅವನ ಕೋಣೆಯ ಜೊತೆಗಾರನ ಕೆಲಸ. ಅದರಲ್ಲಿ ದೋಷವಿತ್ತು. ಜೊತೆಗಾರನಾದರೋ ಈ ಪದವಿಗಾಗಿ ಇದ್ದ ನೌಕರಿ ಬಿಟ್ಟು ಬಂದವನು. ಹಿಂದಿನ ಪರೀಕ್ಷೆಯಲ್ಲಿ ನಪಾಸಾಗಿ ಕುಗ್ಗಿಹೋಗಿದ್ದ.

ಆ ತರಗತಿಗೆ ಪಾಠ ಹೇಳುತ್ತಿದ್ದ ಭಾಗೀರಥಿ ಮೇಡಂ “ಕೂತುಕೋ” ಎಂದು ಈ ಕತೆ ಹೇಳಿದರು.

ಒಂದು ಕಾಲೇಜಿನಲ್ಲಿ ಇಬ್ಬರು ಗೆಳತಿಯರಿದ್ದರು. ನೀನು ಓದುತ್ತಿರುವುದನ್ನೇ ಅವರೂ ಓದುತ್ತಿದ್ದರು. ಒಬ್ಬಳು ಪ್ರೋಗ್ರಾಮು ಕಟ್ಟುವುದರಲ್ಲಿ ಜಾಣೆ. ಇನ್ನೊಬ್ಬಳು ಓದುವುದರಲ್ಲಿ ಜಾಣೆ. ಬೇರೆಯವರು ಬರೆದುದರ ಒಳಹೊಕ್ಕು, ಎಲ್ಲಿ ಹುಳುಕಿದೆ ಎಂದು ಹೇಳಬಲ್ಲವಳು. ಒಬ್ಬಳ ತಟ್ಟೆಗೆ ಇನ್ನೊಬ್ಬಳು ಕೈಹಾಕುವಷ್ಟು ಸಲಿಗೆ ಅವರದು.

ಕಟ್ಟುವವಳು ಮಕ್ಕಳ ಆಸ್ಪತ್ರೆಗೆಂದು ಒಂದು ಪ್ರೋಗ್ರಾಮು ಬರೆದಳು. ಮಗುವಿನ ತೂಕ ತುಂಬಿದರೆ ಔಷಧ ಎಷ್ಟು ಕೊಡಬೇಕೆಂದು ಅದು ಹೇಳುತ್ತಿತ್ತು. ಆ ವರ್ಷ ಅವಳ ತಂದೆ ತೀರಿಕೊಂಡಿದ್ದರು. ದುಃಖವನ್ನೆಲ್ಲ ಆ ಕೆಲಸದೊಳಗೇ ಹಾಕಿ ಮರೆತಿದ್ದಳು. ಮುಗಿದ ದಿನ ಗೆಳತಿಯ ಎದುರು ತಂದಿಟ್ಟು, “ಅಪ್ಪ ಹೋದಮೇಲೆ ನನ್ನ ಕೈಯಿಂದ ನೆಟ್ಟಗಾದದ್ದು ಇದೊಂದೇ ಕಣೇ. ನೋಡಿ ಹೇಳು” ಎಂದಳು.

ಗೆಳತಿ ಓದಿದಳು. ಓದುತ್ತಾ ಹೋದಂತೆ ಸಂತೋಷವಾಯಿತು. ಕೆಲಸ ಅಷ್ಟು ಚೊಕ್ಕವಾಗಿತ್ತು. ಆದರೆ ಒಂದು ಕಡೆ ಕಣ್ಣು ನಿಂತಿತು. ತೂಕ ತುಂಬುವ ಜಾಗವನ್ನು ಯಾರಾದರೂ ಖಾಲಿ ಬಿಟ್ಟರೆ ಪ್ರೋಗ್ರಾಮು ತೂಕವನ್ನು ಕೇಳುತ್ತಿರಲಿಲ್ಲ. ಅದಕ್ಕೂ ಮೊದಲು ಬಂದ ಮಗುವಿನ ತೂಕವನ್ನೇ ಹಿಡಿದು ಲೆಕ್ಕ ಹೇಳಿಬಿಡುತ್ತಿತ್ತು.

ಅವಳು ತಲೆಯೆತ್ತಿದಳು. ಕಟ್ಟಿದವಳು ಅವಳ ಮುಖವನ್ನೇ ನೋಡುತ್ತಿದ್ದಳು. ತೂಕ ನೋಡದೆ ಮಕ್ಕಳಿಗೆ ಔಷಧ ಕೊಡುವವರು ಯಾರಿದ್ದಾರೆ ಎಂದು ಓದಿದವಳು ಅಂದುಕೊಂಡಳು. ಇದನ್ನು ಕಾಲೇಜಿನಲ್ಲಿ ಎಲ್ಲರಿಗೂ ತೋರಿಸುವ ಪ್ರದರ್ಶನವೊಂದು ಮುಗಿಯಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡಳು. “ಸರಿಯಾಗಿದೆ” ಎಂದಳು. ಕಟ್ಟಿದವಳು ಅವಳನ್ನು ತಬ್ಬಿಕೊಂಡು ಅತ್ತಳು.

ಪ್ರದರ್ಶನ ಚೆನ್ನಾಗಿಯೇ ಆಯಿತು. ನೋಡಲು ಬಂದಿದ್ದ ಆಸ್ಪತ್ರೆಯವರು ನಮಗೆ ಇದು ಬೇಕು ಎಂದರು. ಗುರುಗಳು ಬೆನ್ನು ತಟ್ಟಿದರು. ಎಲ್ಲರೂ ಸಿಹಿ ತಿನ್ನುವ ಹೊತ್ತಿನಲ್ಲಿ ಹೇಳುವುದು ಹೇಗೆ? ಓದಿದವಳು ಮರುದಿನ ಹೇಳಲು ಹೊರಟಳು. ‘ನೋಡಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ’ ಎಂದು ಕೇಳಿದರೆ ಏನು ಹೇಳುವುದೆಂದು ಅರ್ಧ ದಾರಿಯಿಂದ ಹಿಂದಿರುಗಿದಳು. ಮೊದಲು ಹೇಳದಿದ್ದುದು ಗೆಳತಿಗೆ ನೋವಾಗಬಾರದೆಂದು. ಆಮೇಲೆ ಹೇಳದಿದ್ದುದು ತನಗೆ ಅವಮಾನವಾಗಬಾರದೆಂದು. ಅದು ಯಾವಾಗ ಇದಾಯಿತೆಂದು ಅವಳಿಗೇ ತಿಳಿಯಲಿಲ್ಲ. ಪ್ರೋಗ್ರಾಮು ಆಸ್ಪತ್ರೆ ಸೇರಿತು.

ಮಳೆಗಾಲದ ಒಂದು ಬೆಳಗ್ಗೆ, ಒಬ್ಬ ತಾಯಿ ಫಿಟ್ಸ್ ಬಂದ ಕೂಸನ್ನು ಎತ್ತಿಕೊಂಡು ಅದೇ ಆಸ್ಪತ್ರೆಗೆ ಓಡಿಬಂದಳು. ಕೂಸು ತಾಯಿಯ ತೋಳಿನಲ್ಲೇ ಸೆಟೆಯುತ್ತಿತ್ತು. ತಕ್ಕಡಿಯ ಮೇಲೆ ಮಲಗಿಸುವಂತಿರಲಿಲ್ಲ. ತೂಕ ಬೇಕಾದರೆ ಯಂತ್ರವೇ ಕೇಳುತ್ತದೆ ಎಂಬ ನಂಬಿಕೆಯಿಂದ ನರ್ಸು ಗುಂಡಿ ಒತ್ತಿದಳು. ಯಂತ್ರ ಕೇಳಲಿಲ್ಲ. ಆ ಕೂಸಿಗಿಂತ ಮೊದಲು ಬಂದವಳು ಶಾಲೆಗೆ ಹೋಗುವ ಹುಡುಗಿ. ಅವಳಿಗೆ ತಕ್ಕಷ್ಟು ಔಷಧ ಕೂಸಿನ ಮೈ ಸೇರಿತು.

ಸೆಟೆತ ನಿಂತಿತು. ಉಸಿರೂ ನಿಲ್ಲುತ್ತಾ ಬಂತು. ವೈದ್ಯರು ಓಡಿಬಂದು ಯಂತ್ರದ ಉಸಿರು ಕೊಟ್ಟರು.

ಸುದ್ದಿ ಕಾಲೇಜಿಗೆ ಬಂದಾಗ, ‘ಸರಿಯಾಗಿದೆ’ ಎಂದಿದ್ದವಳು ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದಳು. ಕೂಸಿನ ತಾಯಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಇವಳನ್ನು ನೋಡಿ ಸರಿದು ಜಾಗ ಮಾಡಿಕೊಟ್ಟಳು.

“ನಿಮ್ಮವರೂ ಒಳಗಿದ್ದಾರೇನವ್ವಾ?”

ಇವಳು ತಲೆ ತಗ್ಗಿಸಿ ಪಕ್ಕದಲ್ಲಿ ಕೂತಳು. ತಾಯಿ ಮತ್ತೆ ಕೇಳಲಿಲ್ಲ. ತನ್ನಂತೆಯೇ ಕಷ್ಟದಲ್ಲಿರುವವಳು ಎಂದುಕೊಂಡು, ಅವಳ ಕೈಯನ್ನು ಹಿಡಿದುಕೊಂಡಳು. ಒಳಗಿನಿಂದ ಯಾರಾದರೂ ಬಂದು ಹೇಳುವವರೆಗೆ ಇಬ್ಬರೂ ಹಾಗೆಯೇ ಇದ್ದರು.

ಕೂಸು ಬದುಕಿತು.

ಅಲ್ಲಿಂದ ಅವಳು ನೆಟ್ಟಗೆ ಗೆಳತಿಯ ಬಳಿಗೆ ಹೋಗಿ, “ನಾನು ಅದನ್ನು ಅವತ್ತೇ ನೋಡಿದ್ದೆ” ಎಂದಳು.

ಕಟ್ಟಿದವಳು “ನೀನು ನೋಡಿದ್ದೀ ಎಂಬ ಧೈರ್ಯದ ಮೇಲೆ ನಾನು ಮತ್ತೊಮ್ಮೆ ನೋಡಲಿಲ್ಲ” ಎಂದಳು. ಬೈಯಲಿಲ್ಲ. ಇಬ್ಬರೂ ಕೂಡಿಯೇ ಆಸ್ಪತ್ರೆಗೆ ಹೋಗಿ ಆದದ್ದನ್ನು ಒಪ್ಪಿಕೊಂಡರು, ಕೂಡಿಯೇ ಪ್ರೋಗ್ರಾಮನ್ನು ಸರಿಪಡಿಸಿದರು. ಆದರೆ ಕಟ್ಟಿದವಳು ಆಮೇಲೆ ತಾನು ಬರೆದ ಯಾವುದನ್ನೂ ಆ ಗೆಳತಿಯ ಎದುರು ತಂದಿಡಲಿಲ್ಲ.

ಇಲ್ಲಿಗೆ ಮೇಡಂ ಕತೆ ನಿಲ್ಲಿಸಿದರು.

ಶ್ರೀಶೈಲನಿಗೆ ಸಮಾಧಾನವಾಗಲಿಲ್ಲ. ಜೊತೆಗಾರನ ಬಾಡಿದ ಮುಖ ಅವನ ಕಣ್ಣೆದುರಿತ್ತು. “ಆದರೂ ಮೇಡಂ, ಅವಳು ಹಾಗೆ ಮಾಡಿದ್ದು ಪ್ರೀತಿಯಿಂದಲೇ. ಒಳ್ಳೆಯ ಗೆಳತಿಯೇ ಅಲ್ಲವೇ?” ಎಂದ.

“ಒಳ್ಳೆಯ ಗೆಳತಿಯೇ, ಆದರೆ ಆ ಪ್ರೋಗ್ರಾಮು ಓದುವಾಗ ಅಲ್ಲಿ ಆ ಕೂಸಿನ ಕಡೆಯವಳು ಅಂತ ಇದ್ದವಳೂ ಅವಳೊಬ್ಬಳೇ.”