ಗೂನುದಿಬ್ಬದ ಆಚೆ ಬದಿ

"ನವಿಲುಗಿರಿಯ ಸಮಸ್ತ ಪ್ರಜೆಗಳೇ ಕೇಳಿ! ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಹುಣ್ಣಿಮೆಯ ಬೆಳಿಗ್ಗೆ ಉಪ್ಪಿನ ಗಾಡಿಯ ಓಬಯ್ಯನ ತಲೆಯ ಜೊತೆಗೇ ಅವರ ತಲೆಯೂ ಹೋಗುತ್ತದೆ!"

ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ನಡೆದ. ಓಬಯ್ಯ ಯಾರು, ಅವನು ಮಾಡಿದ್ದೇನು ಅಂತ ತಾನೇ ನಿಮ್ಮ ಪ್ರಶ್ನೆ? ಹೇಳ್ತೀನಿ, ಅವಸರ ಬೇಡ. ಈ ಕತೆಯಲ್ಲಿ ಅವಸರ ಮಾಡಿದವರೆಲ್ಲ ಕೆಟ್ಟಿದ್ದಾರೆ.

ರಾಜನ ಹೊಸ ರಸ್ತೆ ಗೂನುದಿಬ್ಬ ಅನ್ನೋ ಏರನ್ನು ಹತ್ತಿ ಇಳಿಯುತ್ತಿತ್ತು. ಹತ್ತುವವನಿಗೆ ಆಚೆ ಬದಿ ಕಾಣದು. ಆ ಆಚೆ ಬದಿಯ ಇಳಿಜಾರಲ್ಲಿ ಓಬಯ್ಯನ ಗಾಡಿ ಕೀಲು ಮುರಿದು ನಿಂತಿತು. ಗಾಡಿ ಕೆಟ್ಟು ನಿಂತರೆ ಹಿಂದೆ ನಲವತ್ತು ಹೆಜ್ಜೆಗೆ ಹಸಿ ಸೊಪ್ಪು ಹಾಕಬೇಕು, ಬರುವವರು ನೋಡಿ ನಿಲ್ಲಿಸಲಿ ಅಂತ. ಅದು ಉಪ್ಪಿನ ಗಾಡಿಯವರ ತಲೆತಲಾಂತರದ ಲೆಕ್ಕ. ಓಬಯ್ಯನ ಮಗ ಭರಮ ಎಣಿಸಿಕೊಂಡು ಹೋಗಿ ನಲವತ್ತಕ್ಕೇ ಸೊಪ್ಪು ಹಾಕಿ ಬಂದ. ಏರಿನ ನೆತ್ತಿ ಅಲ್ಲಿಂದ ಇನ್ನೂ ಮೇಲಿತ್ತು. ರಾಜಕುಮಾರಿಯ ರಥ ನೆತ್ತಿ ದಾಟಿದ ಮೇಲೆಯೇ ಸೊಪ್ಪು ಕಂಡದ್ದು, ಆಗ ಕಂಡು ಏನು ಬಂತು? ಕುದುರೆ ಸತ್ತಿತು, ಆಕೆಯ ಕಾಲು ಮುರಿಯಿತು. ರಾಜ ಕೆಂಡವಾದ. "ಸೊಪ್ಪು ಹಾಕಿದವನು ಯಾರು?" ಅಂದರೆ ಓಬಯ್ಯ "ನಾನೇ ಬುದ್ಧಿ" ಅಂದುಬಿಟ್ಟ. ಭರಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪನಿಗೆ ಬೇಡಿ ಬಿದ್ದಿತ್ತು.

ಮೊದಲು ಒಗಟು ಬಿಡಿಸಲು ಬಂದವನು ಕುದುರೆಲಾಯದ ಅಧಿಕಾರಿ ರಾವುತರಾಯ, ಮೀಸೆಗೆ ತುಪ್ಪ ಸವರಿಕೊಂಡು. ಊರುಗೋಲು ಹಿಡಿದು ಕೂತಿದ್ದ ಹೊನ್ನಾಂಬೆ ಕೇಳಿದಳು: "ಅಪಾಯ ಕಂಡ ಮೇಲೂ ಕುದುರೆ ಕುಂದದೆ ಓಡುವ ನೆಲ ಒಂದಿದೆ. ಎಂಥ ಸಾರಥಿಯೂ ಅದನ್ನು ತಪ್ಪಿಸಲಾರ. ಯಾವುದದು?"

"ಅಂಥ ನೆಲವೇ ಇಲ್ಲ! ನನ್ನ ಕುದುರೆ ನಿಲ್ಲು ಅಂದರೆ ಅಂದಲ್ಲೇ ನಿಲ್ಲುತ್ತೆ!" ಅಂದ ರಾವುತರಾಯ. ಭಟರು ಅವನನ್ನು ಸೆರೆಮನೆಗೆ ನಡೆಸಿದರು.

ಆಮೇಲೆ ಆಸ್ಥಾನದ ಗಣಿತಜ್ಞ ತಿಮ್ಮಾಜೋಯಿಸ. ಮೊದಲನೆಯದನ್ನು ಹೇಗೋ ದಾಟಿದ. ಎರಡನೆಯದು ಬಂತು: "ರಥದ ವೇಗ ಎರಡರಷ್ಟಾದರೆ, ಲಗಾಮು ಎಳೆದ ಮೇಲೆ ನಿಲ್ಲಲು ಬೇಕಾದ ನೆಲ ಎಷ್ಟರಷ್ಟು?"

ಜೋಯಿಸ ನಕ್ಕ. "ಇದೂ ಒಂದು ಒಗಟೇ ತಾಯಿ? ಎರಡಕ್ಕೆ ಎರಡು." ಅವನೂ ರಾವುತರಾಯನ ಪಕ್ಕ ಹೋಗಿ ಕೂತ. ಇನ್ನು ಯಾರು ಬರ್ತಾರೆ? ಊರೇ ಬಾಗಿಲು ಹಾಕಿಕೊಂಡಿತು.

ಹುಣ್ಣಿಮೆಗೆ ಒಂದೇ ದಿನ ಉಳಿದಾಗ ಭರಮ ಬಂದ. ಮೈತುಂಬ ಉಪ್ಪಿನ ಬಿಳಿ, ಕಾಲಲ್ಲಿ ಮೆಟ್ಟಿಲ್ಲ. ದ್ವಾರಪಾಲಕ "ಲೋ, ತಲೆ ಭಾರವಾಗಿದೆಯೇನೋ?" ಅಂತ ಗೇಲಿ ಮಾಡಿದ. ಭರಮನಿಗೆ ನಿಜಕ್ಕೂ ಹೆದರಿಕೆಯಾಗಿತ್ತು, ಆದರೂ ಒಳಗೆ ಹೋದ.

ರಾಜಕುಮಾರಿ ಮೊದಲನೆಯದನ್ನು ಕೇಳಿದಳು.

"ಕಣ್ಣು ಕಂಡದ್ದು ಕೈಗೆ ತಿಳಿಯೋಕೆ ಎರಡು ಉಸಿರು ಬೇಕು ತಾಯಿ. ಅಷ್ಟರಲ್ಲಿ ಗಾಡಿ ದಾಟೋ ನೆಲ ಅದು. ನನ್ನ ಎತ್ತಿಗೆ ಅದು ಮೂರು ಹೆಜ್ಜೆ. ನಿಮ್ಮ ಕುದುರೆಗೆ ಮೂವತ್ತಾದರೂ ಆದೀತು."

ರಾಜಕುಮಾರಿ ತಲೆಯಾಡಿಸಿ ಎರಡನೆಯದನ್ನು ಕೇಳಿದಳು.

"ನಾಲ್ಕರಷ್ಟು" ಅಂದ ಭರಮ.

"ನಾಲ್ಕು ಎಲ್ಲಿಂದ ಬಂತೋ?" ಅಂತ ರಾಜ ಗದರಿದ.

"ಗೀರಿನಿಂದ ಬುದ್ಧಿ. ಇಳಿಜಾರಲ್ಲಿ ಗಾಲಿಗೆ ಮರದ ತುಂಡು ಒತ್ತಿದರೆ, ಅದು ತಿರುಗದೆ ಮಣ್ಣಲ್ಲಿ ಗೀರಿಕೊಂಡು ಹೋಗಿ ನಿಲ್ಲುತ್ತೆ. ನಡಿಗೆಯಲ್ಲಿ ಒತ್ತಿದಾಗ ಗೀರು ಒಂದು ಮೊಳ. ಎರಡರಷ್ಟು ಜೋರಲ್ಲಿ ಒತ್ತಿದಾಗ ನಾಲ್ಕು ಮೊಳ. ಅಪ್ಪನ್ನ ಹಿಡಿದುಕೊಂಡು ಹೋದ ಮೇಲೆ ನನಗೆ ಇನ್ನೇನು ಕೆಲಸ? ದಿನಾ ಓಡಿಸಿ ಅಳೆದೆ."

ಹೊನ್ನಾಂಬೆ ಮೂರನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದಳು: "ಮುಂದಿನ ಗಾಡಿಯನ್ನು ಹಿಂದಿಕ್ಕಲು ಎಷ್ಟು ದೂರ ರಸ್ತೆ ಕಾಣಬೇಕು?"

"ಮೂರು ಪಾಲು ತಾಯಿ. ಹಿಂದಿಕ್ಕೋಣ ಅಂತ ಮನಸ್ಸು ಮಾಡುವಷ್ಟರಲ್ಲಿ ನೀವು ಓಡಿದ್ದು ಒಂದು. ಪಕ್ಕಕ್ಕೆ ಸರಿದು, ದಾಟಿ, ಮತ್ತೆ ನಿಮ್ಮ ಬದಿಗೆ ಬರುವಷ್ಟರಲ್ಲಿ ಓಡಿದ್ದು ಇನ್ನೊಂದು. ಮೂರನೆಯದು ನಿಮ್ಮದಲ್ಲ. ಅಷ್ಟು ಹೊತ್ತಿನಲ್ಲಿ ಎದುರಿನಿಂದ ಬರುವವನು ಓಡಿದ್ದು. ಅವನು ಇನ್ನೂ ಕಂಡಿರಲ್ಲ, ಆದರೂ ಅವನ ಪಾಲು ಬಿಡಲೇಬೇಕು."

ರಾಜಕುಮಾರಿಯ ಕಣ್ಣು ತುಂಬಿತು. "ಮೂರೂ ಸರಿ. ಬೇಡು."

"ಅಪ್ಪನ್ನ ಬಿಡಿ. ಸೊಪ್ಪು ಹಾಕಿದವನು ಅವನಲ್ಲ, ನಾನು. ಎತ್ತಿನ ಲೆಕ್ಕದಲ್ಲಿ ಹಾಕಿದೆ, ಕುದುರೆ ಬರುತ್ತೆ ಅಂತ ನೆನೆಯಲಿಲ್ಲ. ತಲೆ ಬೇಕೇ ಬೇಕು ಅಂದರೆ ನನ್ನದು ಇಲ್ಲಿದೆ."

ರಾಜ ಎದ್ದು ನಿಂತ. ಅಷ್ಟರಲ್ಲಿ ಮಗಳೂ ಊರುಗೋಲು ಊರಿ ಎದ್ದಳು. "ಅಪ್ಪಾಜಿ, ಲಗಾಮು ನನ್ನ ಕೈಯಲ್ಲಿತ್ತು. ನೆತ್ತಿಗೆ ಮೊದಲು ಒಂದು ಹುಲ್ಲಿನ ಬಂಡಿ ಅಡ್ಡ ಸಿಕ್ಕಿತು. ಮುಂದೇನೂ ಕಾಣದಿದ್ದರೂ ಹಿಂದಿಕ್ಕಿದೆ. ಎದುರಿಗೆ ಯಾರೂ ಬರಲಿಲ್ಲ, ಅದನ್ನೇ ನನ್ನ ಜಾಣತನ ಅಂದುಕೊಂಡೆ. ಅದೇ ಜೋರಲ್ಲಿ ನೆತ್ತಿ ದಾಟಿದೆ. ತಲೆ ಎಣಿಸುವುದಾದರೆ ನನ್ನದನ್ನೂ ಎಣಿಸಿ."

ರಾಜ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ, ಮತ್ತೆ ಕೂತ. "ಓಬಯ್ಯನ ಬೇಡಿ ಬಿಚ್ಚಿರಿ, ಆ ದಿಬ್ಬವನ್ನು ಕಡಿಯಿರಿ" ಅಂದ. ಸೆರೆಯಲ್ಲಿದ್ದ ಇಬ್ಬರು ಜಾಣರಿಗೂ ತಲೆ ಉಳಿಯಿತು, ಕೈಗೆ ಗುದ್ದಲಿ ಬಂತು. ರಸ್ತೆಯಲ್ಲಿ ಎಲ್ಲಿಂದ ಎಲ್ಲಿಗೆ ಕಾಣಬೇಕು ಅಂತ ಹೇಳುವ ಕೆಲಸ, ಸಂಬಳ ಸಹಿತ, ಭರಮನಿಗೆ.

ದಿಬ್ಬ ಕಡಿಯುವ ಮೊದಲ ದಿನ ಓಬಯ್ಯ ಅಲ್ಲಿಗೆ ಹೋದ. ಹಳೇ ಸೊಪ್ಪು ಒಣಗಿ ನಲವತ್ತನೇ ಹೆಜ್ಜೆಯಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ಏರು ಹತ್ತತೊಡಗಿದ. ಹೊನ್ನಾಂಬೆಯೂ ಊರುಗೋಲು ಊರುತ್ತ, ನಲವತ್ತರಿಂದ ಮುಂದಕ್ಕೆ ಹೆಜ್ಜೆ ಎಣಿಸುತ್ತ ಪಕ್ಕದಲ್ಲೇ ನಡೆದಳು. ನೆತ್ತಿ ಬಂತು, ದಾಟಿದರು, ರಥ ಹತ್ತಿ ಬಂದಿದ್ದ ಆಚೆ ಬದಿಗೂ ಇಳಿದರು.

"ಎಷ್ಟಾಯ್ತು ತಾಯಿ?" ಅಂದ ಓಬಯ್ಯ.

"ಮುನ್ನೂರ ಹತ್ತು. ಇನ್ನೂ ಸ್ವಲ್ಪ ನಡಿ, ಓಬಯ್ಯ. ನನ್ನಂಥವರು ಬರ್ತಾರೆ."