ಓತಿಕ್ಯಾತ ನೋಡದ ಪಾದ

ಮಕ್ಕಳೇ, ಕಾಡಿನ ಅಂಚಿನಲ್ಲೊಂದು ಹಳೆಯ ಮಾವಿನ ಮರವಿತ್ತು. ಅದರ ಬುಡದಲ್ಲಿ ಗೋಣಪ್ಪನೆಂಬ ಓತಿಕ್ಯಾತ ಕಾವಲಿಗಿದ್ದ. ಬಂದ ಹುಳುಗಳನ್ನು ಗುರುತಿಸಿ, ಇದು ಇಂಥ ಪಂಗಡದ್ದು ಎಂದು ಹೇಳಿ ಮೇಲೆ ಬಿಡುವುದು ಅವನ ಕೆಲಸ. ಅವನು ನೋಡುತ್ತಿದ್ದುದು ಮೈಬಣ್ಣವನ್ನು ಮಾತ್ರ. ಬಿಸಿಲಿಗೊಂದು ನೆರಳಿಗೊಂದು ಬಣ್ಣ ತಾಳುವ ಈ ಮಹಾಶಯ ಬೇರೆಯವರ ಬಣ್ಣವನ್ನು ಅದು ಹೇಗೆ ನಂಬಿದನೋ, ನನಗಂತೂ ತಿಳಿಯದು.

ಮರದ ದೊಡ್ಡ ಕೊಂಬೆಯ ಪೊಟರೆಯಲ್ಲಿ ಅಳಿಲಮ್ಮ ಮೂರು ಮರಿ ಹಾಕಿದ್ದಳು. ಅವು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಕೊಂಬೆಯಿಂದ ಮರದ ಪುಡಿ ಉದುರತೊಡಗಿತು. ಅಳಿಲಮ್ಮನಿಗೆ ದಿಗಿಲಾಯಿತು.

ಅದೇ ಹೊತ್ತಿಗೆ ಕೆಂಪು, ಕಪ್ಪು, ಬಿಳಿ ಚೌಕುಳಿಯ ಜೀರುಂಡೆಯೊಂದು ಬುಡಕ್ಕೆ ಬಂತು.

"ಮರ ಕೊರೆಯುವ ಹುಳುವಿನ ವಾಸನೆ ಬರುತ್ತಿದೆ. ನನ್ನನ್ನು ಮೇಲೆ ಬಿಡಿ. ಅವುಗಳ ಮರಿಗಳೇ ನಮ್ಮ ಊಟ."

"ಇಂಥ ಥಳಕಿನ ಅಂಗಿಯವರು ಬರುವುದು ಕದಿಯುವುದಕ್ಕೆ," ಎಂದ ಗೋಣಪ್ಪ.

"ಅಂಗಿ ಬಿಡಿ, ಪಾದ ನೋಡಿ. ಗಂಟುಗಳಡಿ ತೆಳು ಪೊರೆಯಿದೆ, ಅದು ನಮ್ಮ ಕುಲದ ಗುರುತು. ನಾಲ್ಕನೆಯ ಗಂಟು ತೀರಾ ಚಿಕ್ಕದು, ಅದು ನಮ್ಮ ಒಳಪಂಗಡದ ಗುರುತು. ಸ್ವಲ್ಪ ಬಗ್ಗಿದರೆ ಕಾಣುತ್ತದೆ."

"ಹುಳುವಿನ ಕಾಲಿಗೆ ನಾನು ಬಗ್ಗಬೇಕೇ?"

ಅಳಿಲಮ್ಮ ಇಳಿದು ಬಂದಳು. "ಗೋಣಪ್ಪಣ್ಣ, ನನ್ನ ಮರಿಗಳ ಜೀವದ ಮಾತು. ಒಂದು ಸಲ ನೋಡಿಬಿಡಿ."

"ನೀವು ಸುಮ್ಮನಿರಿ ತಾಯಿ. ಇಷ್ಟು ವರ್ಷ ಬಣ್ಣ ನೋಡಿಯೇ ಹೇಳಿದ್ದೇನೆ," ಎಂದು ಗೋಣಪ್ಪ ಚೌಕುಳಿಯ ಜೀರುಂಡೆಯನ್ನು ಅಟ್ಟಿಬಿಟ್ಟ.

ಅದರ ಹಿಂದೆಯೇ ತೊಗಟೆ ಬಣ್ಣದ ನಾಲ್ಕು ಜೀರುಂಡೆಗಳು ಬಂದವು. "ಇವರು ನಮ್ಮ ಮರದವರೇ," ಎಂದು ದಾರಿ ಬಿಟ್ಟ. ಮರ ಕೊರೆಯುವ ಪಂಗಡ ಅದೇ ಆಗಿತ್ತು. ಅವು ಮೇಲೆ ಹೋಗಿ ಮೊಟ್ಟೆಯಿಟ್ಟವು. ಮೊಟ್ಟೆಯೊಡೆದ ಹುಳುಗಳು ಮೊದಲಿದ್ದ ಹುಳುಗಳ ಜೊತೆ ಸೇರಿ ಹಗಲಿರುಳು ಕೊರೆದವು.

ಅಳಿಲಮ್ಮ ಬೇರೆ ಪೊಟರೆಗಾಗಿ ಕಾಡೆಲ್ಲ ಅಲೆದಳು. ಕೊನೆಗೂ ಒಂದು ಸಿಕ್ಕಿತು. ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ಸಾಗಿಸಿದಳು. ಎರಡನೆಯದನ್ನು ಬಿಟ್ಟು ಮರಳುವಷ್ಟರಲ್ಲಿ ಕೊಂಬೆ ಮುರಿದು ಬಿದ್ದಿತ್ತು.

ಗೋಣಪ್ಪ ಓಡಿಬಂದು ಮುರಿದ ಕೊಂಬೆಯೊಳಗೆ ಇಣುಕಿದ. ಒಳಗೆ ಬರೀ ಪುಡಿ, ಬಿಳಿ ಹುಳುಗಳು.

ಅಳಿಲಮ್ಮ ಮೂರನೆಯ ಮರಿಯ ತಣ್ಣನೆಯ ಮೈಯನ್ನು ಮೂಸುತ್ತ ಕೂತಿದ್ದಳು. "ಈಗ ಬಗ್ಗಿ ನೋಡಿ ಏನು ಬಂತು, ಗೋಣಪ್ಪಣ್ಣ?" ಎಂದಳು.



ನೀತಿ: ಯಾರನ್ನೇ ಆಗಲಿ ಇಂಥವರೆಂದು ಹೇಳುವ ಮೊದಲು ಬಗ್ಗಿ, ಹತ್ತಿರದಿಂದ ನೋಡಬೇಕು, ನೋಡದವನ ಜಂಬಕ್ಕೆ ಬೆಲೆ ತೆರುವವರು ಬೇರೆಯವರು.