ಕೆಸರವ್ವ ಲೊಚಗುಟ್ಟುವುದು ಯಾಕೆ

ಲೋಕ ಆಗಷ್ಟೇ ತಯಾರಾಗಿತ್ತು. ಬೆಟ್ಟಗಳು ಇನ್ನೂ ಬೆಚ್ಚಗಿದ್ದವು. ಪ್ರಾಣಿಗಳ ಮೈ ಹಸಿ ಜೇಡಿಮಣ್ಣಿನ ಹಾಗೆ ಮೆತ್ತಗಿತ್ತು.

ಆಗ ಎಲ್ಲರಿಗೂ ಒಂದೇ ಥರದ ಕಾಲು. ಗೂಟ. ಆನೆಗೂ ಗೂಟ, ಎಮ್ಮೆಗೂ ಗೂಟ, ಬಾತುಕೋಳಿಗೂ ಗೂಟ. ಕಾಲು ಮಾಡಿದವನಿಗೆ ಅವಸರವಿತ್ತೋ ಸೋಮಾರಿತನವಿತ್ತೋ, ಒಂದೇ ಅಚ್ಚಿನಲ್ಲಿ ಎಲ್ಲರದ್ದನ್ನೂ ಒತ್ತಿ ಕಳಿಸಿಬಿಟ್ಟಿದ್ದ. ಅದರ ಮೇಲೆ ‘ಎಲ್ಲರಿಗೂ ಸಮನಾಗಿ ಕೊಟ್ಟಿದ್ದೇನೆ’ ಅಂತ ಜಂಬ ಬೇರೆ. ಆನೆಗೂ ಬಾತುಕೋಳಿಗೂ ಒಂದೇ ಗೂಟ ಕೊಡುವುದು ಯಾವ ಸೀಮೆಯ ಸಮ?

ಈ ಗೂಟಗಳ ಕಾಟವನ್ನೆಲ್ಲ ಅನುಭವಿಸಿದವಳು ಕೆರೆಯಂಚಿನ ಕೆಸರವ್ವ.

ಬೆಳಗಾದರೆ ಸಾಕು, ನೀರು ಕುಡಿಯಲು ಎಲ್ಲರೂ ಬರುತ್ತಿದ್ದರು. ಎಮ್ಮೆ ಬಂತು, ಚುಚ್ಚಿತು, ಹೂತುಕೊಂಡಿತು, “ಹಾಳು ಕೆಸರು!” ಅಂತ ಬೈಯಿತು. ಬಾತುಕೋಳಿ ಬಂತು, ಚುಚ್ಚಿತು, ಹೂತುಕೊಂಡಿತು, “ಹಾಳು ಕೆಸರು!” ಅಂತ ಬೈಯಿತು. ಮೈತುಂಬ ತೂತು ಮಾಡಿಸಿಕೊಂಡವಳು ಅವಳು. ಬೈಗುಳವೂ ಅವಳಿಗೇ.

“ನನ್ನನ್ನು ಯಾಕ್ರೋ ಬೈತೀರಿ? ನಿಮ್ಮ ಕಾಲು ನೋಡ್ಕೊಳ್ರೋ!” ಅನ್ನುತ್ತಿದ್ದಳು. ಯಾರೂ ಬಗ್ಗಿ ನೋಡುತ್ತಿರಲಿಲ್ಲ.

ಒಂದು ದಿನ ದೇವನಕ್ಕಿ ಬಂತು. ಅದೊಂದು ಪುಟ್ಟ ಹಕ್ಕಿ, ಹಿಡಿಯಷ್ಟು ಮೈ. ಅದೂ ಸೂಜಿಯ ಹಾಗೆ ಚುಚ್ಚಿಕೊಂಡು ಹೊಟ್ಟೆಯ ತನಕ ಇಳಿಯಿತು. ಇವಳಿಗಾದರೂ ಕಲಿಸೋಣ ಅಂದುಕೊಂಡಳು ಕೆಸರವ್ವ.

“ಆ ತಾವರೆ ಎಲೆ ಬಿದ್ದಿದೆಯಲ್ಲ, ಅದರ ಮೇಲೆ ಹತ್ತಿ ನಿಲ್ಲು ಮಗಾ. ಮುಳುಗ್ತಿದೀಯಾ?”

“ಇಲ್ಲವ್ವ.”

“ನಿನ್ನ ಭಾರ ಕಡಿಮೆ ಆಯ್ತಾ?”

“ಇಲ್ಲವ್ವ. ಈಗ ತಾನೇ ಎರಡು ಹುಳ ತಿಂದೆ, ಜಾಸ್ತಿನೇ ಆಗಿರಬೇಕು.”

“ನಾನೇನಾದ್ರೂ ಗಟ್ಟಿಯಾದೆನಾ?”

“ಇಲ್ಲವ್ವ.”

“ಮತ್ತೆ ಯಾಕೆ ಮುಳುಗ್ತಿಲ್ಲ ಹೇಳು?”

ದೇವನಕ್ಕಿ ಕತ್ತು ಓರೆ ಮಾಡಿ ಬಹಳ ಹೊತ್ತು ಯೋಚಿಸಿತು. “ಎಲೆ ಒಳ್ಳೇದು. ನೀನು ಕೆಟ್ಟವಳು.”

ಕೆಸರವ್ವನಿಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ತಲೆ ಇರಲಿಲ್ಲವಲ್ಲ, ಲೊಚಗುಟ್ಟಿದಳು. ಲೊಚಕ್!

ಅಷ್ಟರಲ್ಲಿ ಕುದುರೆ ಸಭೆ ಕರೆಯಿತು. ಕುದುರೆ ಇದ್ದದ್ದು ಬಂಡೆಯ ಮೇಲೆ, ನೀರು ಕುಡಿಯುತ್ತಿದ್ದದ್ದೂ ಬಂಡೆಯ ಪಕ್ಕದಲ್ಲೇ. ಕೆಸರಿಗೆ ಒಂದು ದಿನವೂ ಕಾಲಿಟ್ಟವನಲ್ಲ. ಅಂಥವನೇ ಅಧ್ಯಕ್ಷ.

“ನೆಲ ಅಂದ್ರೆ ಹೀಗಿರಬೇಕು, ನೋಡಿ,” ಅಂತ ಬಂಡೆಯನ್ನು ಟಕಟಕ ಕುಟ್ಟಿ ತೋರಿಸಿತು. “ತಪ್ಪು ಕೆಸರಿನದ್ದು. ಆಕಾಶದಿಂದ ಸೂರಪ್ಪನನ್ನು ಕೆಳಗೆ ಕರೆಯೋಣ, ಬಿಸಿಲಲ್ಲಿ ಒಣಗಿಸಿ ಬಂಡೆ ಮಾಡಲಿ. ಒಪ್ಪಿಗೆಯಾ?”

“ಒಪ್ಪಿಗೆ!” ಅಂದರು ಎಲ್ಲರೂ.

ಕೆಸರವ್ವನನ್ನು ಯಾರೂ ಕೇಳಲಿಲ್ಲ. ಅವಳ ಮಡಿಲಲ್ಲಿ ಕಪ್ಪೆಯ ಮೊಟ್ಟೆಗಳಿದ್ದವು, ತಾವರೆಯ ಗೆಡ್ಡೆಗಳಿದ್ದವು, ಬಸವನಹುಳುವಿನ ಇಡೀ ಸಂಸಾರವಿತ್ತು. ಒಣಗಿದರೆ ಅವಳ ಜೊತೆ ಅಷ್ಟೂ ಸಾಯಬೇಕಿತ್ತು.

ಸೂರಪ್ಪ ಇಳಿದು ಬಂದ. ಒಂದು ತಾಳೆಮರದಷ್ಟು ಎತ್ತರದಲ್ಲಿ ನಿಂತ.

“ಬೇಡ ಸೂರಪ್ಪ, ನನ್ನ ಮಾತು ಕೇಳು,” ಅಂದಳು ಕೆಸರವ್ವ.

“ಸಭೆ ಹೇಳಿದೆ, ಬಂದಿದ್ದೀನಿ. ಸರಿ ತಪ್ಪು ನೋಡೋದು ನನ್ನ ಕೆಲಸ ಅಲ್ಲ.”

ಇಂಥ ಉತ್ತರ ಕೊಡುವವರು ಆಗಲೂ ಇದ್ದರು.

ಕೆಸರವ್ವನ ಅಂಚು ಚಟಚಟ ಬಿರಿಯತೊಡಗಿತು. ಆಗಲೇ “ಅಮ್ಮಾ!” ಅಂತ ಕೂಗು ಕೇಳಿಸಿತು. ಬಿಸಿಲಿಗೆ ಬಾಯಾರಿದ ಮರಿಯಾನೆಯೊಂದು ನೀರಿಗೆ ಓಡಿಬಂದು ನಡುಮಧ್ಯೆ ಸಿಕ್ಕಿಕೊಂಡಿತ್ತು. ನಾಲ್ಕು ಗೂಟಗಳೂ ಮಂಡಿಯ ತನಕ ಒಳಗೆ.

ತಾಯಿ ಆನೆ ಓಡಿಬಂತು. “ಸೂರಪ್ಪಾ, ನಿಲ್ಲು! ಕೆಸರು ಒಣಗಿದ್ರೆ ನನ್ನ ಮರಿ ಬಂಡೆಯೊಳಗೇ ಉಳಿಯುತ್ತೆ!”

“ಸಭೆ ಹೇಳಿದರೆ ನಿಲ್ತೀನಿ.”

“ಸಭೆ ಮುಗಿದಿದೆ!” ಅಂತು ಕುದುರೆ ಬಂಡೆಯ ಮೇಲಿಂದ. “ಒಣಗೋದರೊಳಗೆ ಎಳೆದು ಹಾಕಿ! ಶಕ್ತಿ ಹಾಕಿ!”

ತಾಯಿ ಸೊಂಡಿಲಿಗೆ ಸೊಂಡಿಲು ಸುತ್ತಿ ಎಳೆಯಿತು. ಎಳೆದಷ್ಟೂ ಅದರ ಗೂಟಗಳೇ ಇಳಿದವು. ಎಮ್ಮೆ ಆನೆಯ ಬಾಲ ಕಚ್ಚಿ ಎಳೆಯಿತು. ಎಮ್ಮೆಯೂ ಇಳಿಯಿತು. ಮರಿ ಗಾಬರಿಯಲ್ಲಿ ಒಂದು ಕಾಲನ್ನು ಕಿತ್ತಿತು. ಉಳಿದ ಮೂರೂ ತೊಡೆಯ ತನಕ ಹೋದವು.

“ನಿಲ್ಲಿಸ್ರೋ!” ಅಂತ ಕಿರುಚಿದಳು ಕೆಸರವ್ವ. “ಒಂದು ಕಾಲು ಎತ್ತಿದ್ರೆ ಆ ಕಾಲಿನ ಭಾರ ಎಲ್ಲಿಗೆ ಹೋಗುತ್ತೆ? ಉಳಿದ ಮೂರರ ಮೇಲೆ ಬೀಳಲ್ವಾ? ಮರಿ, ಅಳಬೇಡ ಕಂದ. ಪಕ್ಕಕ್ಕೆ ವಾಲಿ ಮಲಗಿಬಿಡು.”

“ಕೇಳಬೇಡಿ!” ಅಂತು ಕುದುರೆ. “ಕಾಲು ನುಂಗಿದವಳು ಮೈಯನ್ನೂ ನುಂಗೋಕೆ ಹೊಂಚು ಹಾಕಿದಾಳೆ!”

ತಾಯಿ ಆನೆ ಅತ್ತ ನೋಡಿತು, ಇತ್ತ ನೋಡಿತು. ಅಂಚಿನ ಕೆಸರು ಆಗಲೇ ಹಪ್ಪಳದ ಹಾಗೆ ಸುರುಳಿ ಏಳುತ್ತಿತ್ತು.

“ಅವ್ವಾ, ನಿನ್ನ ನಂಬಲಾ?” ಅಂತು.

“ನನ್ನ ನಂಬಬೇಡ ಕಣೇ! ನಂಬೋದು ಯಾಕೆ? ಆ ಹಕ್ಕಿಯನ್ನ ನೋಡು!”

ದೇವನಕ್ಕಿ ಇನ್ನೂ ತಾವರೆ ಎಲೆಯ ಮೇಲೇ ನಿಂತಿತ್ತು. ಎಲ್ಲರೂ ತನ್ನತ್ತ ತಿರುಗಿದಾಗ ನಾಚಿ ಕಾಲ ಕೆಳಗೆ ನೋಡಿಕೊಂಡಿತು. ಮೊದಲ ಸಲ ಬಗ್ಗಿ ನೋಡಿತು. ತನ್ನ ಕಾಲು ಇಷ್ಟೇ ಇಷ್ಟು, ಎಲೆ ಅಷ್ಟಗಲ.

“ಅಯ್ಯಯ್ಯೋ!” ಅಂತ ಎಗರಿತು. “ಎಲೆ ಒಳ್ಳೇದಲ್ಲ, ಎಲೆ ಅಗಲ! ನನ್ನ ಭಾರ ಪೂರ್ತಿ ಹರಡಿಕೊಂಡಿದೆ! ಮರಿ, ನೀನೇ ಎಲೆ ಆಗು! ಅಗಲ ಆಗು!”

“ಮಲಗು ಕಂದಾ,” ಅಂತು ತಾಯಿ.

ಮರಿಯಾನೆ ಕಣ್ಣು ಮುಚ್ಚಿ ಧೊಪ್ಪನೆ ಪಕ್ಕಕ್ಕೆ ಬಿತ್ತು. ಅಷ್ಟಗಲ ಹೊಟ್ಟೆ, ಅಷ್ಟಗಲ ಬೆನ್ನು. ಕೆಸರವ್ವ ಅಂಗೈಯಲ್ಲಿ ಹಿಡಿದ ಹಾಗೆ ಹಿಡಿದಳು. ಮರಿ ಇಳಿಯಲಿಲ್ಲ. ನಿಧಾನಕ್ಕೆ ಒಂದೊಂದೇ ಕಾಲು ಎಳೆದುಕೊಂಡಿತು, ಉರುಳಿತು, ಮತ್ತೆ ಉರುಳಿತು, ದಡದಲ್ಲಿ ಎದ್ದು ನಿಂತು “ಇನ್ನೊಂದ್ಸಲ ಉರುಳ್ಲಾ?” ಅಂತ ಕೇಳಿತು.

“ಬೇಡ!” ಅಂದರು ಎಲ್ಲರೂ.

ತಾಯಿ ಆನೆಯೂ ಎಮ್ಮೆಯೂ ಹಾಗೇ ವಾಲಿ, ಉರುಳಿ ದಡ ಸೇರಿದವು. ಇಷ್ಟಾದ ಮೇಲೆ ಹೇಳಿಸಿಕೊಳ್ಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಮೈ ಇನ್ನೂ ಹಸಿಯಾಗಿತ್ತಲ್ಲ. ಆನೆ ಮತ್ತು ಮರಿ ಧಪ್ ಧಪ್ ಅಂತ ನೆಲಕ್ಕೆ ಬಡಿದು ಗೂಟಗಳನ್ನು ಒರಳಿನಷ್ಟು ಅಗಲ ಮಾಡಿಕೊಂಡವು. ಎಮ್ಮೆ ಗೂಟದ ತುದಿಯನ್ನು ಎರಡಾಗಿ ಸೀಳಿ ಅಗಲದ ಗೊರಸು ಮಾಡಿಕೊಂಡಿತು. ಬಾತುಕೋಳಿ ಗೂಟದ ತುದಿಯಿಂದ ಬೆರಳುಗಳನ್ನು ಎಳೆದು, ನಡುವೆ ಚರ್ಮ ಹಿಗ್ಗಿಸಿತು. ದೇವನಕ್ಕಿಯಂತೂ ಬೆರಳುಗಳನ್ನು ಎಳೆದೇ ಎಳೆಯಿತು, ಸಾಕು ಅನ್ನುವವರಿಲ್ಲದೆ ಮೈಗಿಂತ ಬೆರಳೇ ಹೆಚ್ಚಾಯಿತು.

“ನನ್ನ ಕಾಲಿಗೇನಾಗಿದೆ? ಚೆನ್ನಾಗೇ ಇದೆ,” ಅಂತ ಕುದುರೆ ಬಂಡೆಯ ಮೇಲೇ ನಿಂತಿತ್ತು. ಸೂರಪ್ಪನ ಕಾವಿಗೆ ಯಾರ ಕಾಲು ಹೇಗಿತ್ತೋ ಹಾಗೇ ಬೆಂದು ಗಟ್ಟಿಯಾಯಿತು. ಕುದುರೆಯ ಗೂಟ ಗೂಟವಾಗಿಯೇ ಬೆಂದಿತು.

ತಾಯಿ ಆನೆ ತನ್ನ ಹೊಸ ಕಾಲುಗಳಲ್ಲಿ ಕೆಸರಿನ ನಡುವೆ ಹೋಗಿ ನಿಂತಿತು. ಹಿಮ್ಮಡಿಯಷ್ಟೂ ಇಳಿಯಲಿಲ್ಲ.

“ಸಭೆ ಬೇಕಾ ಸೂರಪ್ಪ? ಈಗ ಇಲ್ಲೇ ಸಭೆ. ಬಂಡೆ ಮೇಲಲ್ಲ, ಕೆಸರಲ್ಲಿ. ಕೆಸರವ್ವನೂ ಇದಾಳೆ, ಕಪ್ಪೆಗಳೂ ಇದಾವೆ. ಮೇಲಕ್ಕೆ ಹೋಗು.”

“ಒಪ್ಪಿಗೆ!” ಅಂದರು ಎಲ್ಲರೂ. ಸೂರಪ್ಪ ಗೊಣಗುತ್ತಾ ಮೇಲೆ ಹೋದ. ಆನೆ ಸೊಂಡಿಲಿನಿಂದ ನೀರು ತಂದು ಬಿರಿದ ಅಂಚಿಗೆಲ್ಲ ಸುರಿಯಿತು.

“ತಪ್ಪಾಯ್ತು ಅವ್ವ,” ಅಂತು ದೇವನಕ್ಕಿ. “ನೀನು ಮೊದಲೇ ಹೇಳಿದ್ದೆ.”

“ನೂರು ಸಲ ಹೇಳಿದ್ದೆ ಕಣೇ!” ಅಂದಳು ಕೆಸರವ್ವ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಳಿಯುವುದಾದರೂ ಹೇಗೆ? ಮಾರನೇ ದಿನವೇ ಕುದುರೆ ತಾನೇನು ಕಮ್ಮಿ ಅಂತ ಕೆಸರಿಗೆ ಕಾಲಿಟ್ಟು, ಹೂತುಕೊಂಡು, “ಹಾಳು ಕೆಸರು!” ಅಂದಿತು.

ಅದಕ್ಕೇ ಇವತ್ತಿಗೂ ಆನೆ ಕೆರೆಯಂಚಿನಲ್ಲಿ ಆರಾಮಾಗಿ ಓಡಾಡುತ್ತದೆ, ದೇವನಕ್ಕಿ ತಾವರೆ ಎಲೆಗಳ ಮೇಲೆ ನಡೆಯುತ್ತದೆ. ಮತ್ತು ನೀನು ಹಿಮ್ಮಡಿ ಊರಿ, ಹೂತುಕೊಂಡು, ಬಗ್ಗಿ ನೋಡದೆ ಕೆಸರನ್ನೇ ಬೈದು ಕಾಲು ಕಿತ್ತಾಗಲೆಲ್ಲ ಕೆಳಗಿನಿಂದ ಕೆಸರವ್ವ ಬೇಸತ್ತು ಲೊಚಗುಟ್ಟುತ್ತಾಳೆ: ಲೊಚಕ್!